ನೀರು ನಿಲ್ಲಿಸಿ ಎಂದು ಕೇಳಿದೆ

ಹಿಂದಿನ ದಿನ ನಾನು ಅವರ ತಲೆಗೂದಲು ಕತ್ತರಿಸಿದೆ. ಹಿತ್ತಿಲಲ್ಲಿ ಸ್ಟೂಲ್ ಹಾಕಿ ಕೂರಿಸಿ, ಕೊರಳಿಗೆ ಹಳೆಯ ಬೆಡ್‌ಶೀಟ್ ಸುತ್ತಿ, ಹೊಲಿಗೆಯ ಕತ್ತರಿಯಿಂದಲೇ ಕತ್ತರಿಸುತ್ತಿದ್ದೆ. ಕ್ಷೌರದಂಗಡಿಗೆ ಹೋಗಲು ಅವರಿಗೆ ಸೋಮಾರಿತನ. ಬಸ್ಸು ಹಿಡಿಯಬೇಕು, ಕಾಯಬೇಕು, ಅಲ್ಲಿರುವವರ ರಾಜಕೀಯ ಕೇಳಬೇಕು.

"ಕಿವಿ ಬಿಟ್ಟು ಉಳಿದದ್ದನ್ನ ಕತ್ತರಿಸು," ಅಂದರು.

"ಹೀಗೆ ಅಲ್ಲಾಡ್ತಾ ಇದ್ರೆ ಕಿವಿನೂ ಹೋಗುತ್ತೆ. ಹೋದ್ರೇನು ನಷ್ಟ? ನಾನು ಹೇಳಿದ್ದು ಯಾವತ್ತು ಕೇಳಿಸಿದೆ ನಿಮಗೆ?"

ಬಾಗಿಲಲ್ಲಿ ಕೂತಿದ್ದ ನಮ್ಮತ್ತೆ ಮೂಗು ತೂರಿಸಿದರು. "ಹಿಂದೆ ಜಾಸ್ತಿ ತೆಗೀಬೇಡ ಕಣೇ. ಕತ್ತು ಕೊಕ್ಕರೆ ಹಾಗೆ ಕಾಣ್ಸುತ್ತೆ."

"ಕತ್ತು ಕೊಟ್ಟವಳು ನೀನೇ ತಾನೇ ಅಮ್ಮ," ಅಂದರು ಇವರು. "ಈಗ ವಾಪಸ್ ತಗೊಳೋಕಾಗಲ್ಲ."

ಅತ್ತೆ ನಕ್ಕರು. ನಾನೂ ನಕ್ಕೆ. ಕೂದಲು ಗುಡಿಸಿ ಬೇಲಿಯಾಚೆ ಹಾಕಿದೆ. ಆಮೇಲೆ ಅವರು ಮಂಚದ ಕಾಲಿಗೆ ಮೊಳೆ ಹೊಡೆದರು, ಊಟ ಮಾಡಿದರು, ಮಲಗಿದರು. ಇಷ್ಟೇ. ಅದು ಕೊನೆಯ ದಿನ ಅಂತ ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಜನ ಕೇಳುತ್ತಾರೆ. ಏನೂ ಮಾಡುತ್ತಿರಲಿಲ್ಲ. ಗೊತ್ತಿರಲಿಲ್ಲ.

ನನ್ನ ಗಂಡ ಕಾಲುವೆಯ ಗೇಟಿನವರು. ದೊಡ್ಡ ಕಾಲುವೆಯಿಂದ ಕವಲು ಕಾಲುವೆ ಒಡೆಯುವ ಜಾಗದಲ್ಲಿ ಕಬ್ಬಿಣದ ಗೇಟುಗಳಿವೆ. ಅವನ್ನು ಎತ್ತಿ ಇಳಿಸುವುದು ಅವರ ಕೆಲಸ. ಗೇಟಿನ ಪಕ್ಕದಲ್ಲೇ ಇಲಾಖೆ ಕೊಟ್ಟ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಸೋರುವ ತಾರಸಿ. ನೀರಿನ ಇಲಾಖೆಯ ಮನೆ ಸೋರದೆ ಇರುತ್ತದೆಯೇ ಎಂದು ಅವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಮದುವೆಯಾಗಿ ಬಂದದ್ದು ಆ ಮನೆಗೇ. ಮಕ್ಕಳಾಗಲಿಲ್ಲ. ನಾವಿಬ್ಬರು, ಅತ್ತೆ, ಗೇಟು.

ನೀರು ಯಾರ ಕಡೆಗೆ, ಎಷ್ಟು ದಿನ ಎಂಬುದನ್ನು ಅವರು ತೀರ್ಮಾನಿಸುತ್ತಿರಲಿಲ್ಲ. ರಾಜಧಾನಿಯಲ್ಲಿ ಒಂದು ಸಮಿತಿ ಇದೆ. ಅಣೆಕಟ್ಟಿನಲ್ಲಿ ಎಷ್ಟಿದೆ ನೋಡಿ, ಕುಡಿಯಲು ಎಷ್ಟು, ಬೆಳೆಗೆ ಎಷ್ಟು, ಕಾರ್ಖಾನೆಗೆ ಎಷ್ಟು ಅಂತ ಅವರು ವರ್ಷದ ಯೋಜನೆ ಹಾಕುತ್ತಾರೆ. ಪ್ರತಿ ಕವಲಿಗೂ ಸರದಿ. ನಮ್ಮ ಕವಲಿನ ಸರದಿ ಬಂದಾಗ ಗೇಟು ಎತ್ತಬೇಕು, ಮುಗಿದಾಗ ಇಳಿಸಬೇಕು. ಹೇಳಲು ಸುಲಭ. ಕವಲಿನ ತಲೆಯಲ್ಲಿರುವ ಹೊಲದವರು ನೀರು ಕಣ್ಣೆದುರೇ ಹರಿಯುವಾಗ ಸುಮ್ಮನಿರುವುದಿಲ್ಲ. ತಮ್ಮ ತೂಬುಗಳಿಗೆ ಹೆಚ್ಚು ಹರಿಯಲಿ ಅಂತ ಸರದಿ ಮುಗಿದ ಮೇಲೂ ಗೇಟು ಎತ್ತಿಸಲು ಬರುತ್ತಿದ್ದರು. ಹಾಗೆ ಹರಿದದ್ದನ್ನು ಮುಂದಿನ ಸರದಿಯಲ್ಲಿ ಕಳೆಯುತ್ತಾರೆ, ಆಗ ಕವಲಿನ ಕೊನೆಯವರಿಗೆ ನೀರು ಮುಟ್ಟುವುದಿಲ್ಲ. ಮೊದಲು ತರಕಾರಿ ತರುತ್ತಿದ್ದರು. ಆಮೇಲೆ ದೊಣ್ಣೆ ತರುತ್ತಿದ್ದರು. ಒಂದು ಸಲ ಇವರ ಕೈ ಮುರಿದರು. ಆದರೂ ಇವರು ಗೇಟು ಎತ್ತಲಿಲ್ಲ. ಹಾಗಾಗಿ ಇವರಿಗೆ 'ಬೀಗ' ಅಂತ ಹೆಸರು ಬಿತ್ತು.

"ಮಕ್ಕಳಿಲ್ಲದೇನೆ ಊರಿಗೆಲ್ಲ ಬೀಗ ಆಗ್ಬಿಟ್ಟೆ ನೋಡು," ಅನ್ನುತ್ತಿದ್ದರು.

ಅವರು ದೊಡ್ಡ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಹಟಮಾರಿ. ನನ್ನ ಹತ್ತಿರವೂ ಹಾಗೇ. ಗೋಡೆಗೆ ನೀಲಿ ಬಣ್ಣ ಬೇಡ ಅಂದರೆ ನೀಲಿಯೇ ಬಳಿದರು. ನಮ್ಮ ಕವಲು ಮುಗಿಯುವ ಕಡೆ ಒಂದು ಪಟ್ಟಣವಿದೆ. ಎಲ್ಲರೂ ಅದನ್ನು ಕೊನೆಯೂರು ಎಂದೇ ಕರೆಯುತ್ತಾರೆ. ಆ ಊರಿನ ಕೆರೆಗೆ ನೀರು ಮುಟ್ಟಿತು ಅನ್ನುವ ಫೋನ್ ಬರುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ಊರನ್ನು ಅವರು ನೋಡಿಯೇ ಇರಲಿಲ್ಲ. ಹೋಗೋಣ ಅಂದರೆ, "ಅಲ್ಲೇನಿದೆ ನೋಡೋಕೆ? ನಮ್ಮ ನೀರೇ ತಾನೇ," ಅನ್ನುತ್ತಿದ್ದರು.

ಗೇಟಿನವರಲ್ಲಿ ಒಂದು ಪದ್ಧತಿ ಇದೆ. ಗೇಟಿನ ಕೆಳಗೆ ಬಳ್ಳಿ, ಕೊಂಬೆ ಸಿಕ್ಕಿಕೊಂಡರೆ ಅದು ಸರಿಯಾಗಿ ಕೂರುವುದಿಲ್ಲ. ಸರದಿ ಇಲ್ಲದ ದಿನ ಗೇಟಿನ ಬುಡದ ಗುಂಡಿಗಿಳಿದು ತೆಗೆಯಬೇಕು. ಇಳಿಯುವ ಮೊದಲು ಅಂಗಿ ಬಿಚ್ಚಿ ಮೇಲಿನ ಚಕ್ರಕ್ಕೆ ಹಾಕಬೇಕು. ಗೇಟು ಎತ್ತುವುದು ಆ ಚಕ್ರದಿಂದ. ಚಕ್ರದ ಮೇಲೆ ಅಂಗಿ ಇದ್ದರೆ ಕೆಳಗೆ ಮನುಷ್ಯ ಇದ್ದಾನೆ ಎಂದರ್ಥ, ಯಾರೂ ಮುಟ್ಟಬಾರದು. ಇದನ್ನು ಯಾವ ಸಾಹೇಬರೂ ಹೇಳಿಕೊಟ್ಟದ್ದಲ್ಲ. ಇವರ ಜೊತೆಗೆ ಇನ್ನೊಬ್ಬ ಗೇಟಿನವನಿದ್ದ. ನಿಂತಲ್ಲೇ ನಿದ್ದೆ ಮಾಡುತ್ತಾನೆಂದು ಅವನನ್ನು ತೂಕಡಿಕೆ ಎಂದು ಕರೆಯುತ್ತಿದ್ದರು. ಒಮ್ಮೆ ಮೇಲಧಿಕಾರಿ ಬಂದು ಗೇಟು ಎತ್ತಿ ತೋರಿಸು ಅಂದಾಗ ತೂಕಡಿಕೆ ಕೈಕಟ್ಟಿ ನಿಂತ.

"ಅಂಗಿ ಇದೆ ಸರ್."

"ಅದನ್ನ ತೆಗೆದು ಪಕ್ಕಕ್ಕಿಡಪ್ಪ."

"ಆಗಲ್ಲ ಸರ್. ಅದರ ಒಳಗಿದ್ದವರೇ ಬಂದು ತೆಗೀಬೇಕು."

ಇವರು ಮೈಯೆಲ್ಲ ಕೆಸರು ಮಾಡಿಕೊಂಡು ಮೇಲೆ ಬರುವವರೆಗೂ ಆ ಅಧಿಕಾರಿ ಬಿಸಿಲಲ್ಲಿ ಕಾದರು. ಎಷ್ಟೋ ವರ್ಷ ಆ ಮಾತು ಹೇಳಿಕೊಂಡು ನಕ್ಕಿದ್ದೇವೆ.

ಆಮೇಲೆ ಗೇಟುಗಳಿಗೆ ಮೋಟಾರು ಬಂತು. ರಾಜಧಾನಿಯಲ್ಲಿ ಕೂತು ಬಟನ್ ಒತ್ತಿದರೆ ಇಲ್ಲಿ ಗೇಟು ಏಳುತ್ತದೆ. ದೊಣ್ಣೆ ತಂದವರಿಗೆ ಹೆದರಿ, ತರಕಾರಿ ತಂದವರಿಗೆ ಸೋತು ಗೇಟಿನವರು ಸರದಿ ತಪ್ಪಿಸುತ್ತಾರೆ ಅಂತ ಹಾಗೆ ಮಾಡಿದ್ದು. ಅದು ಸುಳ್ಳಲ್ಲ, ಬೇರೆ ಕಡೆ ತಪ್ಪಿಸುತ್ತಿದ್ದರು. ಇವರಿಗೂ ಖುಷಿಯೇ ಆಯಿತು. ಬಾಗಿಲು ಬಡಿಯಲು ಬಂದವರಿಗೆ, "ನನ್ನ ಕೈಲಿ ಏನಿಲ್ಲ, ರಾಜಧಾನಿಗೆ ಹೋಗಿ ಬಡೀರಿ," ಅಂತ ಹೇಳಿ ಕದ ಹಾಕಿಕೊಳ್ಳುತ್ತಿದ್ದರು. ಚಕ್ರವನ್ನು ಯಾರೂ ಕಿತ್ತು ಒಯ್ಯಲಿಲ್ಲ. ಕರೆಂಟು ಕೈಕೊಟ್ಟರೆ ಇರಲಿ ಅಂತ ಹಾಗೇ ಬಿಟ್ಟರು. ಗುಂಡಿಗಿಳಿಯುವ ಮುಂಚೆ ಕಂಟ್ರೋಲ್ ರೂಮಿಗೆ ಫೋನ್ ಮಾಡಬೇಕು, ಅವರು ಆ ಗೇಟನ್ನು ಕಟ್ಟಿಹಾಕುತ್ತಾರೆ ಅಂತ ಹೊಸ ನಿಯಮ ಹೇಳಿ ಹೋದರು. ಒಂದೆರಡು ಸಲ ಇವರು ಮಾಡಿದರು. ಲೈನ್ ಸಿಗುವುದಿಲ್ಲ, ಹಾಡು ಕೇಳಿಸುತ್ತದೆ. ಆಮೇಲೆ ಬಿಟ್ಟರು. ಅಂಗಿ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಕೂದಲು ಕತ್ತರಿಸಿದ ಮರುದಿನ ಅವರು ಬೆಳಗಿನ ಚಹಾ ಕುಡಿದು ಗೇಟಿನ ಕಡೆ ಹೋದರು. ಸರದಿ ಮುಂದಿನ ವಾರ ಇತ್ತು. ಕವಲು ಕಾಲುವೆ ಒಣಗಿತ್ತು. ಮಧ್ಯಾಹ್ನ ಊಟಕ್ಕೆ ಕರೆಯಲು ನಾನು ಹೋದೆ. ಮನೆಯಿಂದ ಹೊರಬಂದಾಗಲೇ ನೀರಿನ ಸದ್ದು ಕೇಳಿಸಿತು. ಸರದಿ ಬಂತೇನೋ ಅಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

ಚಕ್ರದ ಮೇಲೆ ಅಂಗಿ ಇತ್ತು. ಅದರ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಗೇಟು ಮೇಲೆದ್ದಿತ್ತು. ಕೆಳಗೆ ಇಳಿಯುವ ಏಣಿ ಕಾಣುತ್ತಿರಲಿಲ್ಲ, ನೀರಿತ್ತು.

ಫೋನ್ ತೆಗೆದೆ. ಒಬ್ಬ ಹುಡುಗಿಯ ದನಿ. "ಸರ್, ಗೇಟ್ ಎತ್ತಿದೀವಿ. ಪೂರ್ತಿ ಎದ್ದಿದೆಯಾ ನೋಡಿ ಹೇಳ್ತೀರಾ? ಆಗ್ಲಿಂದ ಫೋನ್ ಮಾಡ್ತಾ ಇದೀನಿ."

"ಎದ್ದಿದೆ," ಅಂದೆ.

ಕೊನೆಯೂರಿನ ಕೆರೆ ತಳ ಕಂಡಿತ್ತಂತೆ. ಕುಡಿಯುವ ನೀರಿಗೆ ತೊಂದರೆಯಾದೀತೆಂದು ಸಮಿತಿ ಆ ಬೆಳಿಗ್ಗೆ ಕೂತು ನಮ್ಮ ಸರದಿಯನ್ನು ಒಂದು ವಾರ ಮುಂಚೆಯೇ ತಂದಿತ್ತು. ಎತ್ತುವ ಮೊದಲು ಗೇಟಿನವರಿಗೆ ಫೋನ್ ಮಾಡಿದರು. ಫೋನ್ ಅಂಗಿಯಲ್ಲಿತ್ತು. ಉತ್ತರ ಬರದಿದ್ದರೂ ಎತ್ತಿದರು. ಇಷ್ಟು ನಡೆದದ್ದು. ಇದರಲ್ಲಿ ಯಾರೂ ಕೆಟ್ಟವರಿಲ್ಲ. ಇದ್ದಿದ್ದರೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು.

ಮುಳುಗುಗಾರರು ಬಂದರು. ಹಗ್ಗ ಕಟ್ಟಿಕೊಂಡು ಇಳಿದರು, ಮೇಲೆ ಬಂದರು. ನೀರಿನ ಸೆಳೆತ ಜಾಸ್ತಿ, ಬಗ್ಗಡ, ಕೈ ಚಾಚಿದರೆ ಕೈ ಕಾಣುವುದಿಲ್ಲ ಅಂದರು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಲುವೆಗೆ ಒಂದು ಹೊಳೆ ಅಡ್ಡ ಬರುತ್ತದೆ. ಅಲ್ಲಿ ಕಾಲುವೆ ಹೊಳೆಯ ಅಡಿಯಲ್ಲಿ ಸುರಂಗದೊಳಗೆ ಹೊಕ್ಕು ಆಚೆ ದಡದಲ್ಲಿ ಮೇಲೇಳುತ್ತದೆ. ಆಚೆ ದಡದಲ್ಲಿ ಪಂಪ್‌ಹೌಸ್, ಅದರ ಮುಂದೆ ಕಸ ತಡೆಯಲು ಕಬ್ಬಿಣದ ಜಾಲರಿ.

"ಜಾಲರಿಗೆ ಬರ್ತಾರೆ ಅತ್ತಿಗೆ," ಅಂದ ತೂಕಡಿಕೆ. "ಎಲ್ಲಾ ಅಲ್ಲಿಗೇ ಬರೋದು."

ಅವನು ಜಾಲರಿಯ ಹತ್ತಿರವೇ ಕೂತ. ಆ ದಿನಗಳಲ್ಲಿ ಅವನು ತೂಕಡಿಸಿದ್ದನ್ನು ನಾನು ನೋಡಲಿಲ್ಲ. ಏನೂ ಬರಲಿಲ್ಲ.

ಮನೆಯಲ್ಲಿ ಅತ್ತೆ ಗೋಡೆಗೊರಗಿ ಕೂತವರು ಏಳಲಿಲ್ಲ. ಯಾರು ಬಂದರೂ ಒಂದೇ ಮಾತು. "ಮುಖ ತೋರಿಸಿ. ಒಂದ್ಸಲ ನೋಡ್ತೀನಿ. ಆಮೇಲೆ ಏನೂ ಕೇಳಲ್ಲ."

ನನಗೂ ಬೇಕಾದದ್ದು ಅದೇ. ನೀರು ನಿಲ್ಲಿಸಬೇಕು. ನೀರು ಇಳಿದರೆ ಅವರು ಸಿಗುತ್ತಾರೆ. ತಡವಾದರೆ ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ. ಇದಕ್ಕೆ ದೊಡ್ಡ ಓದು ಬೇಡ.

ನಮ್ಮ ಭಾಗದ ಇಂಜಿನಿಯರ್ ಬಂದು ಹಿತ್ತಿಲಲ್ಲಿ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಗೇಟ್ ಇಳಿಸಿ ಸರ್," ಅಂದೆ.

"ಅದು ನನ್ನ ಕೈಲಿಲ್ಲಮ್ಮ. ಸಮಿತಿ ಹೇಳಬೇಕು."

"ಹಾಗಾದ್ರೆ ಅವರಿಗೆ ಹೇಳಿ."

"ಹೇಳಿದೀನಿ. ಕೊನೆಯೂರಿಗೆ ಈ ನೀರು ಮುಟ್ಟೋವರೆಗೂ ನಿಲ್ಲಿಸೋಕಾಗಲ್ಲ ಅಂದ್ರು." ಗೇಟಿನ ಕಡೆ ನೋಡಿ ಮತ್ತೆ ಹೇಳಿದರು. "ಅವರು ಇಳಿಯೋಕೆ ಮುಂಚೆ ಒಂದು ಫೋನ್ ಮಾಡಿದ್ರೆ ಸಾಕಿತ್ತಮ್ಮ."

"ಹೌದು ಸರ್, ಮಾಡಲಿಲ್ಲ. ಅದಕ್ಕೆ ಶಿಕ್ಷೆ ಆಯ್ತಲ್ಲ. ಈಗ ಹೆಣ ಕೊಡಿ."

ಅವರು ತಲೆ ತಗ್ಗಿಸಿದರು. ಚಪ್ಪಲಿಯ ಕೆಸರನ್ನು ಕಲ್ಲಿಗೆ ಒರೆಸಿ ಹೋದರು.

ತೂಕಡಿಕೆಯನ್ನು ಕರೆದುಕೊಂಡು ರಾಜಧಾನಿಗೆ ಹೋದೆ. ನೀರಿನ ಇಲಾಖೆಯ ಕಟ್ಟಡ ಎತ್ತರವಿದೆ. ಮೂರು ಕಡೆ ಹೆಸರು ಕೇಳಿದರು. ನಲ್ಲಿಯಲ್ಲಿ ನೀರಿರಲಿಲ್ಲ. ಕೈ ತೊಳೆಯುವ ಜಾಗದಲ್ಲಿ ಬಕೆಟ್ ಇಟ್ಟಿದ್ದರು. ತೂಕಡಿಕೆ ನನ್ನ ಕಿವಿಯಲ್ಲಿ, "ಇವರ ಸರದಿ ಇನ್ನೂ ಬಂದಿಲ್ಲ ಅತ್ತಿಗೆ," ಅಂದ. ಆ ದಿನವೂ ನನಗೆ ನಗು ಬಂತು. ಅದನ್ನು ಮುಚ್ಚಿಡುವುದಿಲ್ಲ.

ಯೋಜನೆ ಹಾಕುವ ದೊಡ್ಡ ಅಧಿಕಾರಿ ಕೂರಿಸಿ ಚಹಾ ತರಿಸಿದರು. ಒಳ್ಳೆಯ ಮನುಷ್ಯ. ಮೇಜಿನ ಮೇಲೆ ನಕ್ಷೆ ಹಾಸಿ ನಮ್ಮ ಕಾಲುವೆ ಯಾವುದೆಂದು ತೋರಿಸಿದರು. ನೀಲಿ ಗೆರೆ, ಉಗುರಿನಷ್ಟು ಉದ್ದ. ಕಾಲುವೆ ಒಮ್ಮೆಲೇ ಬರಿದಾದರೆ ದಂಡೆಗಳು ಕುಸಿಯುತ್ತವೆ ಅಂದರು. ಮತ್ತೆ ತುಂಬಿಸಲು ಅಣೆಕಟ್ಟಿನಲ್ಲಿ ಲೆಕ್ಕಕ್ಕಿಂತ ಹೆಚ್ಚು ನೀರಿಲ್ಲ ಅಂದರು. ಒಂದು ಕವಲಿನ ಸರದಿ ತಪ್ಪಿದರೆ ಅದರ ಹಿಂದೆ ಎಲ್ಲಾ ಕವಲಿನದೂ ತಪ್ಪುತ್ತದೆ ಅಂದರು. ಎಲ್ಲವೂ ನಿಜವಿರಬೇಕು.

"ಕುಡಿಯೋ ನೀರಿಗೆ ಮೊದಲ ಸ್ಥಾನ ಅಮ್ಮ. ಇದು ರಾಜ್ಯದ ನಿಯಮ. ಆಮೇಲೆ ಬೆಳೆ, ಆಮೇಲೆ ಕಾರ್ಖಾನೆ."

"ಸತ್ತವರಿಗೆ ಎಷ್ಟನೇ ಸ್ಥಾನ ಸರ್?"

ಅವರು ಲೋಟವನ್ನು ನನ್ನ ಕಡೆ ಸರಿಸಿದರು. ಚಹಾ ಆರುತ್ತೆ, ತಗೊಳ್ಳಿ ಅಂದರು.

ಹೊರಗೆ ಬರುವಾಗ ಗಾಜಿನ ಕೋಣೆಯೊಂದು ಸಿಕ್ಕಿತು. ಗೋಡೆಯ ತುಂಬ ದೀಪದ ಗೆರೆಗಳು. ರಾಜ್ಯದ ಕಾಲುವೆಗಳೆಲ್ಲ ಅಲ್ಲಿವೆ ಅಂದ ತೂಕಡಿಕೆ. ಅಲ್ಲಿಂದ ಒಬ್ಬ ಹುಡುಗಿ ಎದ್ದು ಬಂದಳು. ತೆಳ್ಳಗೆ, ಕನ್ನಡಕ, ಕೊರಳಲ್ಲಿ ಗುರುತಿನ ಚೀಟಿ. ಮಾತಾಡುವವರೆಗೂ ನನಗೆ ಗೊತ್ತಾಗಲಿಲ್ಲ.

"ಅಮ್ಮ, ಅವತ್ತು ಡ್ಯೂಟಿಲಿದ್ದವಳು ನಾನೇ."

ಆ ದನಿ. "ಎದ್ದಿದೆಯಾ ನೋಡಿ ಅಂತ ಕೇಳಿದವಳು ನೀನಾ?"

"ಹೂಂ. ಪರದೆ ಮೇಲೆ ಎಲ್ಲಾ ಸರಿ ಇತ್ತಮ್ಮ. ಗುಂಡೀಲಿ ಯಾರಾದ್ರೂ ಇದಾರೆ ಅಂತ ಫೋನ್ ಬಂದಿದ್ರೆ ಕೆಂಪಗಿರುತ್ತೆ. ಇದು ಹಸಿರಾಗೇ ಇತ್ತು."

"ಅಂಗಿ ಇತ್ತು ಕಣಮ್ಮ," ಅಂದ ತೂಕಡಿಕೆ. "ಚಕ್ರದ ಮೇಲೆ ಅಂಗಿ ಇತ್ತು."

ಅವಳಿಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ. ಕೇಳುತ್ತಾ ಕೇಳುತ್ತಾ ಅವಳು ಅಳತೊಡಗಿದಳು. ಅಳಬೇಡ ಅಂತ ನಾನು ಹೇಳಲಿಲ್ಲ.

"ಈಗ ಇಳಿಸು," ಅಂದೆ. "ಎತ್ತಿದ ಕೈ ತಾನೇ."

"ಕೈಲಿ ಬಟನ್ ಇದೆ ಅಮ್ಮ. ಆದೇಶ ಇಲ್ಲ. ಆದೇಶ ಇಲ್ಲದೆ ಒತ್ತಿದ್ರೆ ಅದು ತಗೊಳ್ಳಲ್ಲ."

ಬಸ್ಸಿನಲ್ಲಿ ವಾಪಸ್ ಬಂದೆವು. ರಸ್ತೆಯ ಪಕ್ಕದಲ್ಲೇ ಕಾಲುವೆ. ತುಂಬಿ ಹರಿಯುತ್ತಿತ್ತು.

ಮಾರನೆಯ ದಿನ ಕೊನೆಯೂರಿನಿಂದ ಒಬ್ಬ ಹೆಂಗಸು ಬಂದಳು. ನನಗಿಂತ ದೊಡ್ಡವಳು. ಅಲ್ಲಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳಂತೆ. ಕೈಬೆರಳುಗಳು ಸೋಡಾದಿಂದ ಸುಲಿದಿದ್ದವು. ಅತ್ತೆಯ ಕಾಲ ಬಳಿ ಕೂತಳು.

"ನಿನ್ನ ಮನೆಗೆ ಬರೋಕೆ ನನಗೆ ಮುಖ ಇಲ್ಲ ತಂಗಿ," ಅಂದಳು. "ಆದ್ರೂ ಬಂದೆ. ಊರೋರು ಗಂಡಸರನ್ನ ಕಳಿಸ್ತೀವಿ ಅಂದ್ರು. ಬೇಡ, ಅವರು ಬಾಯಿ ತೆಗೆದ್ರೆ ಜಗಳ ಆಗುತ್ತೆ ಅಂದೆ."

"ಏನು ಬೇಕು ಹೇಳಿ."

"ನೀರು ನಿಲ್ಲಿಸಿ ಅಂತ ರಾಜಧಾನಿವರೆಗೂ ಹೋಗಿದ್ದೆಯಂತೆ. ಕೇಳಬೇಡ ಅಂತ ಬೇಡಿಕೊಳ್ಳೋಕೆ ಬಂದೆ. ನೀರು ಇನ್ನೂ ನಮ್ಮ ಕೆರೆಗೆ ಮುಟ್ಟಿಲ್ಲ. ಹೆರಿಗೆ ವಾರ್ಡಿನ ಬಟ್ಟೆ ಒಗೆಯೋಕೂ ನೀರಿಲ್ಲ. ರಕ್ತದ ಬಟ್ಟೆನ ಕೊಡವಿ, ಬಿಸಿಲಿಗೆ ಹಾಕಿ, ಮತ್ತೆ ಹಾಸ್ತಾ ಇದೀವಿ."

ನನಗೆ ಅಯ್ಯೋ ಅನ್ನಿಸಲಿಲ್ಲ. ಸಿಟ್ಟು ಬಂತು.

"ಆ ನೀರಲ್ಲಿ ನನ್ನ ಗಂಡ ಇದಾರೆ. ಅದನ್ನೇ ಕುಡಿತೀರಾ?"

ಅವಳು ನನ್ನ ಮುಖ ನೋಡಿದಳು. "ಕುಡಿತೀವಿ ತಂಗಿ. ಬೇರೆ ಇಲ್ಲ."

ಅತ್ತೆ ಆ ಹೆಂಗಸಿನ ತಲೆ ಸವರಿದರು. ಯಾಕೆ ಸವರಿದರೋ. ನಾನು ಎದ್ದು ಒಳಗೆ ಹೋದೆ. ಅವಳು ಹೋದದ್ದನ್ನು ನೋಡಲಿಲ್ಲ.

ಇವರಿದ್ದಿದ್ದರೆ ನೀರು ನಿಲ್ಲಿಸಬೇಡ ಅನ್ನುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತು. ಕೈ ಮುರಿಸಿಕೊಂಡು ಆ ಊರಿಗೆ ನೀರು ಉಳಿಸಿದವರು. ಎಷ್ಟೋ ಜನ ಬಂದು ನನಗೆ ಅದನ್ನೇ ಹೇಳಿದರು, ಅವರ ಆತ್ಮಕ್ಕೆ ತೃಪ್ತಿಯಾಗುತ್ತದೆ ಅಂತ. ಆತ್ಮದ ವಿಷಯ ನನಗೆ ಗೊತ್ತಿಲ್ಲ. ನಾನು ಅವರಲ್ಲ. ನನಗೆ ನೀರು ನಿಲ್ಲಬೇಕಾಗಿತ್ತು.

ತೂಕಡಿಕೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತ. "ಚಕ್ರ ಇನ್ನೂ ಇದೆ ಅತ್ತಿಗೆ. ಪಕ್ಕದ ಸನ್ನೆಕೋಲು ಎಳೆದ್ರೆ ಮೋಟಾರು ಬಿಟ್ಕೊಳ್ಳುತ್ತೆ. ಕೈಯಿಂದ ಇಳಿಸಬಹುದು. ನೀವು ಹೂಂ ಅನ್ನಿ."

"ನಿನ್ನ ಕೆಲಸ ಹೋಗುತ್ತೆ."

"ಕೆಲಸದಲ್ಲಿ ನಾನು ಮಾಡ್ತಿದ್ದುದು ನಿದ್ದೆ ತಾನೇ. ಅದನ್ನ ಮನೆಲೂ ಮಾಡಬಹುದು."

"ಹೂಂ," ಅಂದೆ.

ಅವನು ತಿರುಗಿಸಿದ. ನಾನೂ ಕೈ ಹಾಕಿದೆ. ಚಕ್ರ ತುಕ್ಕು ಹಿಡಿದಿತ್ತು. ಗೇಟು ಕಿರುಗುಟ್ಟುತ್ತಾ ಇಳಿಯಿತು. ಕೆಳಗಿನ ಸದ್ದು ಸಣ್ಣದಾಗುತ್ತಾ ಬಂತು, ಕೊನೆಗೆ ನಿಂತಿತು. ನಾನು ಓಡಿ ಹೋಗಿ ಕಾಲುವೆಯ ದಂಡೆಯ ಮೇಲೆ ನಿಂತೆ. ಇನ್ನು ಇಳಿಯುತ್ತದೆ, ಇನ್ನು ತಳ ಕಾಣುತ್ತದೆ ಎಂದು ನೋಡುತ್ತಾ ನಿಂತೆ. ನೀರು ದಂಡೆಯ ಒದ್ದೆ ಗುರುತಿನಿಂದ ಒಂದು ಬೆರಳಿನಷ್ಟು ಇಳಿಯಿತು. ಅಷ್ಟೇ.

ಜೀಪು ಬಂತು. ಇಂಜಿನಿಯರ್ ಬೈಯಲಿಲ್ಲ. ನನ್ನ ಪಕ್ಕದಲ್ಲಿ ಬಂದು ನಿಂತರು.

"ಗೇಟ್ ಮುಚ್ಚಿದ್ರೆ ಕಾಲುವೆ ಒಣಗಲ್ಲಮ್ಮ. ಆಗಲೇ ಒಳಗಿರೋ ನೀರು ಇಳಿಯೋಕೇ ಎಷ್ಟೋ ದಿನ ಬೇಕು. ಹಿಂದೆ ನೋಡಿ, ದೊಡ್ಡ ಕಾಲುವೆ ಏರ್ತಾ ಇದೆ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ದಂಡೆ ದಾಟಿ ಕೆಳಗಿನ ಮನೆಗಳಿಗೆ ನುಗ್ಗುತ್ತೆ."

ತಿರುಗಿ ನೋಡಿದೆ. ನಿಜವಾಗಿತ್ತು. ಗೇಟಿನ ಮೇಲ್ಗಡೆ ನೀರು ದಂಡೆಯ ತುದಿಗೆ ಬಂದಿತ್ತು. ನಮ್ಮ ಬೇಲಿಯ ಬುಡ ಒದ್ದೆಯಾಗಿತ್ತು.

ಅವರೇ ಚಕ್ರ ತಿರುಗಿಸಿ ಗೇಟು ಎತ್ತಿದರು. ತೂಕಡಿಕೆಯನ್ನು ದೂರದ ಬೇರೊಂದು ಕಾಲುವೆಗೆ ಹಾಕಿದರು. ಹೋಗುವ ದಿನ ಬಂದು, "ಅಲ್ಲಿ ನೊಣ ಜಾಸ್ತಿಯಂತೆ, ನಿದ್ದೆಗೆ ತೊಂದರೆ," ಅಂತ ಹೇಳಿ, ಮುಖ ಆಚೆ ತಿರುಗಿಸಿಕೊಂಡು ಹೋದ.

ಕೊನೆಯೂರಿನ ಕೆರೆ ತುಂಬಿತು. ಆಮೇಲೂ ನೀರು ನಿಲ್ಲಿಸಲಿಲ್ಲ, ಅಷ್ಟರಲ್ಲಿ ಬೆಳೆಯ ಸರದಿ ಬಂದಿತ್ತು. ಯೋಜನೆಯಲ್ಲಿ ಹೇಗಿತ್ತೋ ಹಾಗೇ ಹರಿಸಿ, ಹೇಗಿತ್ತೋ ಹಾಗೇ ನಿಲ್ಲಿಸಿದರು. ಕಾಲುವೆ ನಿಧಾನವಾಗಿ ಇಳಿದು ತಳ ಕಂಡ ದಿನ ಇಂಜಿನಿಯರ್ ಆಳುಗಳನ್ನು ಕರೆತಂದರು. ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು. ಕೈ ಹಿಡಿದು ಇಳಿಸಿದೆ. ಕೆಸರಿನಲ್ಲಿ ಹೆಜ್ಜೆ ಇಡುತ್ತಾ ಗೇಟಿನಿಂದ ಸುರಂಗದವರೆಗೆ ನಡೆದೆವು. ಟೈರು ಸಿಕ್ಕಿತು. ತಳವಿಲ್ಲದ ಡ್ರಮ್ಮು ಸಿಕ್ಕಿತು. ಮುರಿದ ಕುರ್ಚಿ, ಯಾರದೋ ಸೈಕಲ್ಲಿನ ಹ್ಯಾಂಡಲ್. ಪ್ರತಿಯೊಂದಕ್ಕೂ ಅತ್ತೆ ನಿಂತು, "ಅದೇನದು ನೋಡೇ," ಅನ್ನುತ್ತಿದ್ದರು. ಪ್ರತಿ ಸಲವೂ ನಾನು ಬಗ್ಗಿ ಕೆಸರು ಸರಿಸಿ ನೋಡುತ್ತಿದ್ದೆ. ಅವರು ಸಿಗಲಿಲ್ಲ.

ಸುರಂಗದ ಬಾಯಿಯಲ್ಲೂ ಒಂದು ಜಾಲರಿ ಇರಬೇಕಿತ್ತು. ಅದರ ಕಂಬಿಗಳು ಕೊಳೆತು ಬಿದ್ದು ಎಷ್ಟೋ ಕಾಲವಾಗಿತ್ತು. ಸುರಂಗದೊಳಗೆ ಅರ್ಧ ಹೂಳು, ಅರ್ಧ ನೀರು. ಅದು ಹೊಳೆಗಿಂತ ಕೆಳಗಿರುವುದರಿಂದ ಕಾಲುವೆ ಒಣಗಿದರೂ ಒಣಗುವುದಿಲ್ಲ. ಒಬ್ಬ ಆಳು ಟಾರ್ಚ್ ಹಿಡಿದು ತಲೆ ತೂರಿಸಿ ವಾಪಸ್ ತೆಗೆದ.

"ಒಳಗೆ ಉಸಿರಾಡೋಕೆ ಗಾಳಿ ಇಲ್ಲ ಸರ್."

"ಇದರೊಳಗೇ ಇರಬೇಕು," ಅಂದರು ಇಂಜಿನಿಯರ್. ನನ್ನ ಕಡೆ ನೋಡಲಿಲ್ಲ.

"ಹಾಗಾದ್ರೆ ಖಾಲಿ ಮಾಡಿ ಸರ್."

"ಮಾಡ್ತಾರಮ್ಮ. ಸುರಂಗದ ಹೂಳು ತೆಗೆಯೋದು ಯೋಜನೇಲಿದೆ. ದೊಡ್ಡ ಯಂತ್ರ ಬೇಕು, ಹೊಳೆ ನೀರನ್ನ ಬೇರೆ ಕಡೆ ತಿರುಗಿಸಬೇಕು. ಮುಂದಿನ ವರ್ಷ ಬರುತ್ತೆ."

ಅತ್ತೆ ಸುರಂಗದ ಬಾಯಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿದರು. ಕತ್ತಲು ಬಿಟ್ಟರೆ ಏನೂ ಇರಲಿಲ್ಲ. ಮಗನ ಹೆಸರು ಹಿಡಿದು ಕರೆದರು, ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುತ್ತಿದ್ದ ಹಾಗೆ. ಆಳುಗಳು ಟೋಪಿ ತೆಗೆದು ನಿಂತರು. ನಾನು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದೆ. ಎಬ್ಬಿಸದಿದ್ದರೆ ಅಲ್ಲೇ ಇರುತ್ತಿದ್ದರು.

ಮುಂದಿನ ವರ್ಷದ ಯೋಜನೆಯಲ್ಲಿ ಅದು ಬರಲಿಲ್ಲ. ಮಳೆ ಕಡಿಮೆಯಾಗಿ ಎಲ್ಲವನ್ನೂ ಕುಡಿಯುವ ನೀರಿಗೆ ತಿರುಗಿಸಿದರಂತೆ. ಅದರ ಮುಂದಿನ ವರ್ಷ ಇನ್ನೊಂದು ಅಣೆಕಟ್ಟಿನ ಬಾಗಿಲು ಕಿತ್ತುಹೋಯಿತು, ಅದು ಮೊದಲಾಯಿತು. ಹೋಗಿ ಕೇಳಿದಾಗಲೆಲ್ಲ ಆ ದೊಡ್ಡ ಅಧಿಕಾರಿ ಚಹಾ ತರಿಸುತ್ತಿದ್ದರು. ಕೊನೆಯ ಸಲ ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಯಾವ ಸುರಂಗ, ಯಾರ ಗಂಡ ಅಂತ ಮೊದಲಿನಿಂದ ಹೇಳಬೇಕಾಯಿತು. ಪೂರ್ತಿ ಕೇಳಿಸಿಕೊಂಡು, "ಅದು ಯೋಜನೇಲಿದೆ," ಅಂದರು. ಮತ್ತೆ ಹೋಗಲಿಲ್ಲ.

ಅತ್ತೆ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಆದರೂ, "ಸಿಕ್ಕನೇನೇ?" ಅಂತ ಕೇಳುತ್ತಿದ್ದರು. ಸಿಕ್ಕಿದರು ಅಂತ ಸುಳ್ಳು ಹೇಳು, ಮುದುಕಿ ನೆಮ್ಮದಿಯಾಗಿ ಹೋಗುತ್ತಾಳೆ ಅಂತ ನೆರೆಯವಳು ಹೇಳಿದಳು. ಹೇಳಲು ಬಾಯಿ ಬರಲಿಲ್ಲ. ಸಿಕ್ಕ ಅಂದರೆ ಎಲ್ಲಿ, ಮುಖ ತೋರಿಸು ಅನ್ನುತ್ತಿದ್ದರು.

ಇಲಾಖೆಯ ಪ್ರಕಾರ ನನ್ನ ಗಂಡ ಸತ್ತಿಲ್ಲ, ಕಾಣೆಯಾಗಿದ್ದಾರೆ. ಹಾಗಾಗಿ ಅವರ ಕೆಲಸ ನನಗೆ ಕೊಡುವ ಹಾಗಿಲ್ಲ. ಗೇಟಿನ ಮನೆ ಬಿಡಿಸಿದರು. ಈಗ ಹೊಳೆಯಾಚೆ ಪಂಪ್‌ಹೌಸಿನ ಹಿಂದೆ ಒಂದು ಕೋಣೆಯಲ್ಲಿದ್ದೇನೆ. ಇಂಜಿನಿಯರ್ ತಾವೇ ಓಡಾಡಿ ಜಾಲರಿಯ ಕಸ ತೆಗೆಯುವ ದಿನಗೂಲಿ ಕೆಲಸ ಕೊಡಿಸಿದರು. ಬೇರೆ ಕಡೆ ಹಾಕಿಸುತ್ತೇನೆ ಅಂದಿದ್ದರು. ಇಲ್ಲೇ ಬೇಕು ಅಂದೆ.

ಸರದಿ ಇರುವ ದಿನಗಳಲ್ಲಿ ಬೆಳಿಗ್ಗೆ ಎದ್ದು, ಪಂಪಿನವರು ಬರುವ ಮುಂಚೆ, ಉದ್ದ ಹಿಡಿಯ ಕಬ್ಬಿಣದ ಕುಂಟೆ ತೆಗೆದುಕೊಂಡು ಜಾಲರಿಯ ಹತ್ತಿರ ಹೋಗುತ್ತೇನೆ. ಸುರಂಗದಿಂದ ಬಂದದ್ದೆಲ್ಲ ಕಂಬಿಗಳಿಗೆ ಅಂಟಿಕೊಂಡಿರುತ್ತದೆ. ಬಳ್ಳಿ, ಎಲೆ, ಬಾಟಲಿ, ಪ್ಲಾಸ್ಟಿಕ್, ಕೆಲವು ಸಲ ಸತ್ತ ಹಕ್ಕಿ. ಕುಂಟೆಯನ್ನು ತಳದವರೆಗೆ ಇಳಿಸಿ ಮೇಲಕ್ಕೆ ಎಳೆಯುತ್ತೇನೆ. ಎಳೆದದ್ದನ್ನು ನೇರವಾಗಿ ಕಸದ ಗುಂಡಿಗೆ ಹಾಕುವುದಿಲ್ಲ. ದಂಡೆಯ ಕಲ್ಲಿನ ಮೇಲೆ ಹರಡುತ್ತೇನೆ. ಕೂತುಕೊಂಡು ಬಳ್ಳಿಯ ಗಂಟುಗಳನ್ನು ಕೈಯಿಂದ ಬಿಡಿಸುತ್ತೇನೆ, ಕೆಸರು ಹಿಸುಕಿ ನೋಡುತ್ತೇನೆ. ನೋಡಿ ಆದ ಮೇಲೆ ಗುಂಡಿಗೆ ಹಾಕುತ್ತೇನೆ.